ನೇತ್ರಾವತಿಯ ಮರದ ವ್ಯಾಪಾರ: ಕಾಡಿನಿಂದ ಬಂದರಿನವರೆಗಿನ ಲೆಕ್ಕ

ಬಂಟ್ವಾಳದ ಹಳೆಯ ಪೇಟೆ ನೇತ್ರಾವತಿಯ ದಡಕ್ಕೆ ಅಂಟಿಕೊಂಡೇ ಬೆಳೆದದ್ದು. ಇಂದು ವ್ಯಾಪಾರದ ಭರಾಟೆಯೆಲ್ಲ ಬಂಟ್ವಾಳ ಕ್ರಾಸ್ ರೋಡಿಗೆ, ಅಂದರೆ ನಾವೆಲ್ಲ ಕರೆಯುವ ಬಿ.ಸಿ. ರೋಡಿಗೆ ಸರಿದಿದೆ. ಹೆದ್ದಾರಿ ಬಂದ ಮೇಲೆ ಬೆಳೆದ ಊರದು. ಹಳೆಯ ಪೇಟೆ ಬೆಳೆದದ್ದು ಹೊಳೆಯಿಂದ. ಘಟ್ಟದ ಮೇಲಿನ ಕಾಫಿ, ಕೆಳಗಿನ ಅಕ್ಕಿ, ಅಡಿಕೆ, ಕಾಡಿನ ಮರ, ಬಿದಿರು ಇವೆಲ್ಲವೂ ಎತ್ತಿನ ಗಾಡಿಯಿಂದ ಇಳಿದು ದೋಣಿಗೆ ಏರುತ್ತಿದ್ದ ಸ್ಥಳ ಇದಾಗಿತ್ತು. ಮಂಗಳೂರಿನಿಂದ ಮೇಲಕ್ಕೆ ಬರುವ ದೋಣಿಗಳು ಬರಿದಾಗಿ ಬರುತ್ತಿರಲಿಲ್ಲ. ಉಪ್ಪು, ಒಣಮೀನು, ಬಟ್ಟೆಗಳನ್ನು ತರುತ್ತಿದ್ದವು. ಮರುಪ್ರಯಾಣದ ಬಾಡಿಗೆಯನ್ನು ಗಳಿಸದ ಸಾಗಾಟ ಲಾಭದಾಯಕವಲ್ಲ ಎಂಬುದನ್ನು ಇಂದಿನ ಲಾರಿ ಮಾಲಕರಂತೆ ಅಂದಿನ ದೋಣಿಯವರೂ ಅರಿತಿದ್ದರು. ನೇತ್ರಾವತಿಗೆ ಕುಮಾರಧಾರೆ ಸೇರುವ ಸಂಗಮದ ಊರಿಗೆ ಉಪ್ಪಿನಂಗಡಿ ಎಂದೂ, ಘಟ್ಟದ ಬುಡದ ಊರಿಗೆ ಬೆಳ್ತಂಗಡಿ ಎಂದೂ ಹೆಸರಿರುವುದನ್ನು ಗಮನಿಸಿದರೆ, ಈ ನದಿಯ ಉದ್ದಕ್ಕೂ ಅಂಗಡಿಯೇ ಊರಿಗೆ ಹೆಸರು ಕೊಟ್ಟಿರುವುದು ತಿಳಿಯುತ್ತದೆ.

ಈ ಸರಕುಗಳ ಪೈಕಿ ಮರದ ವ್ಯಾಪಾರವನ್ನು ಮಾತ್ರ ಈ ಲೇಖನದಲ್ಲಿ ಪರಿಶೀಲಿಸಲು ಬಯಸುತ್ತೇನೆ. ಕಾರಣ ಇಷ್ಟೆ: ನಮ್ಮ ಸದಸ್ಯರಲ್ಲಿ ಸಾಮಿಲ್ಲು, ಪೀಠೋಪಕರಣ, ಕಟ್ಟಡ ಸಾಮಗ್ರಿಗಳ ವ್ಯವಹಾರ ಮಾಡುವವರು ಗಣನೀಯ ಸಂಖ್ಯೆಯಲ್ಲಿದ್ದಾರೆ. ಅವರು ಇಂದು ಎದುರಿಸುವ ಅನೇಕ ತೊಡಕುಗಳ ಬೇರು ಇನ್ನೂರು ವರ್ಷ ಹಿಂದಿನದು. ಅಳತೆಯ ಸೂತ್ರ, ಒಡೆತನದ ಪ್ರಶ್ನೆ, ರಹದಾರಿ ಇವುಗಳಲ್ಲಿ ಯಾವುದೂ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ.

ಮೊದಲು ಮರಗಳ ವಿಷಯ. ಬೆಳ್ತಂಗಡಿಯ ಮೇಲ್ಭಾಗದ ಘಟ್ಟದ ಸೆರಗಿನಲ್ಲಿ ತೇಗಕ್ಕಿಂತ ಇತರ ಗಟ್ಟಿ ಜಾತಿಗಳೇ ಹೆಚ್ಚು. ಕಿರಾಲಬೋಗಿ, ಮತ್ತಿ, ಹೊನ್ನೆ, ಬೀಟೆ, ಹೆಬ್ಬಲಸು ಇವು ಮುಖ್ಯವಾದವು. ಬೋಗಿ ಮರ ನೀರಿಗೂ ಗೆದ್ದಲಿಗೂ ಜಗ್ಗದು. ಹೆಬ್ಬಲಸು ದೋಣಿಗೆ ಹೇಳಿ ಮಾಡಿಸಿದ್ದು. ನೇರವಾಗಿ ಬಹಳ ಎತ್ತರಕ್ಕೆ ಬೆಳೆಯುವ ಸುರಹೊನ್ನೆಯ ಜಾತಿಯೊಂದನ್ನು ಆಂಗ್ಲರು ಪೂನ್ ಎಂದು ಕರೆದು ಹಾಯಿಹಡಗಿನ ಕೂವೆಮರಕ್ಕಾಗಿ ಹುಡುಕಿಕೊಂಡು ಬರುತ್ತಿದ್ದರು. ಊರಿನ ಬಳಕೆಗೆ ಹಲಸು, ಮಾವು ಸಾಕಾಗುತ್ತಿತ್ತು. ಮೂಡುಬಿದಿರೆಯ ಚೌಟರ ಅರಮನೆಯ ಮರದ ಕಂಬಗಳಲ್ಲಿ ಒಂಬತ್ತು ಸ್ತ್ರೀಯರು ಸೇರಿ ಆನೆಯಾಗುವ, ಐವರು ಸೇರಿ ಕುದುರೆಯಾಗುವ ಕೆತ್ತನೆಗಳನ್ನು ನೋಡಿದವರಿಗೆ ಇಲ್ಲಿನ ಮರಗೆಲಸ ಯಾವ ಮಟ್ಟದ್ದೆಂದು ವಿವರಿಸಬೇಕಾಗಿಲ್ಲ. 1430ರಲ್ಲಿ ಆರಂಭವಾದ ಸಾವಿರ ಕಂಬದ ಬಸದಿ ಕಲ್ಲಿನದೇ ಆದರೂ ಅದರ ಇಳಿಜಾರು ಮಾಡು ಮರದ ಮನೆಯ ಅಚ್ಚಿನಲ್ಲಿಯೇ ಇದೆ. ಆದರೆ ಮೂಡುಬಿದಿರೆಗೆ ದೋಣಿ ಸಾಗುವ ಹೊಳೆ ಇರಲಿಲ್ಲ. ಆದ್ದರಿಂದ ಅಲ್ಲಿ ಮರ ಬಳಕೆಯಾದಷ್ಟು ವ್ಯಾಪಾರವಾಗಲಿಲ್ಲ. ಗಾಡಿಯ ಮೇಲೆ ದಿಮ್ಮಿ ಹೇರಿ ಮೂವತ್ತು ಮೈಲು ಸಾಗಿಸುವ ವೆಚ್ಚವನ್ನು ತಾಳಿಕೊಳ್ಳುವ ಮರ ಬೀಟೆಯಂಥ ಕೆಲವು ಮಾತ್ರ.

ಕಾಲಚಕ್ರ ಮತ್ತು ಬಂಡವಾಳ

ಕಾಡಿನ ಕೆಲಸ ದೀಪಾವಳಿ ಕಳೆದ ಮೇಲೆ ಆರಂಭವಾಗಿ ಪತ್ತನಾಜೆಯ ಹೊತ್ತಿಗೆ ಮುಗಿಯಬೇಕು. ಮಳೆಗಾಲದಲ್ಲಿ ಘಟ್ಟದ ಕಾಡಿನಲ್ಲಿ ಬಿಡಾರ ಹೂಡುವುದು ಅಸಾಧ್ಯ. ತೇಗದಂಥ ಮರವನ್ನು ಕಡಿಯುವ ಒಂದೆರಡು ವರ್ಷ ಮೊದಲೇ ಬುಡದ ಸುತ್ತ ತೊಗಟೆಯನ್ನೂ ಹೊರಮರವನ್ನೂ ಉಂಗುರಾಕಾರವಾಗಿ ಕೆತ್ತಿ, ನಿಂತಲ್ಲಿಯೇ ಒಣಗಲು ಬಿಡುವ ಪದ್ಧತಿಯಿತ್ತು. ಹಸಿಮರ ಭಾರವಾಗಿ ಮುಳುಗುತ್ತದೆ, ಒಣಗಿದ್ದು ತೇಲುತ್ತದೆ ಎಂಬುದೇ ಕಾರಣ. ಮತ್ತಿ, ಬೀಟೆ, ಬೋಗಿ ಮುಂತಾದವು ಒಣಗಿದರೂ ಸುಲಭವಾಗಿ ತೇಲುವುದಿಲ್ಲ. ಅವುಗಳ ಎರಡೂ ಬದಿಗೆ ಬಿದಿರಿನ ಕಟ್ಟುಗಳನ್ನು ಬಿಗಿದು ತೆಪ್ಪ ಮಾಡಬೇಕಾಗುತ್ತಿತ್ತು. ಹೀಗಾಗಿ ಬಿದಿರು ತಾನೂ ಸರಕಾಗಿ, ಇನ್ನೊಂದು ಸರಕಿಗೆ ವಾಹನವೂ ಆಗಿ ಬಂಟ್ವಾಳಕ್ಕೆ ಇಳಿಯುತ್ತಿತ್ತು. ಕಡಿದ ದಿಮ್ಮಿಗಳನ್ನು ಆನೆ, ಕೋಣಗಳಿಂದ ಎಳೆಸಿ ಹೊಳೆಯ ಬದಿಯಲ್ಲಿ ರಾಶಿ ಹಾಕಿ, ನೀರು ಏರುವುದನ್ನು ಕಾಯುವುದು ಮುಂದಿನ ಹಂತ.

ಇಲ್ಲಿ ವ್ಯಾಪಾರಿಯ ನಿಜವಾದ ಕಷ್ಟ ಎದುರಾಗುತ್ತದೆ. ಮರವನ್ನು ತೇಲಿಸಲು ಮಳೆಗಾಲದ ನೀರು ಬೇಕು. ಆದರೆ ಮಳೆಗಾಲದಲ್ಲಿ ಮಂಗಳೂರಿನ ಹಳೆಯ ಬಂದರಿನಿಂದ ಮಂಜಿಗಳು ಹೊರಡುವುದಿಲ್ಲ. ನೂಲ ಹುಣ್ಣಿಮೆಯ ಸಮುದ್ರಪೂಜೆ ಕಳೆದು, ಕಡಲು ಶಾಂತವಾಗುವವರೆಗೆ ದಿಮ್ಮಿಗಳು ದಡದಲ್ಲಿಯೇ ಬಿದ್ದಿರಬೇಕು. ನವೆಂಬರಿನಲ್ಲಿ ಆಳುಗಳಿಗೆ ಮುಂಗಡ ಕೊಟ್ಟವನಿಗೆ ಹಣ ಕೈಸೇರುವುದು ಮುಂದಿನ ಅಕ್ಟೋಬರಿನಲ್ಲಿ. ವಾರ್ಷಿಕ ಶೇ. 12ರ ಸರಳ ಬಡ್ಡಿಯಂತೆ ಹಿಡಿದರೂ ನೂರು ರೂಪಾಯಿಗೆ ಹನ್ನೊಂದು ತಿಂಗಳಿಗೆ 11 ರೂಪಾಯಿ ಬಡ್ಡಿ. ನಿಂತ ಮರಕ್ಕೆ ಕೆತ್ತನೆಗೆ ಮುನ್ನವೇ ಹಣ ಕೊಟ್ಟು, ಒಣಗಲು ಒಂದೂವರೆ ವರ್ಷ ಬಿಟ್ಟಿದ್ದರೆ ಒಟ್ಟು 29 ತಿಂಗಳಾಗಿ ಬಡ್ಡಿ 29 ರೂಪಾಯಿಗೆ ಏರುತ್ತದೆ. ಇದರ ಮೇಲೆ ಮುಳುಗಿದ, ಒಡೆದ, ಕಳವಾದ ಮರದ ನಷ್ಟ. ಆದುದರಿಂದಲೇ ಈ ವ್ಯಾಪಾರ ಸಣ್ಣ ಬಂಡವಾಳದವರ ಕೈಯಲ್ಲಿ ನಿಲ್ಲಲಿಲ್ಲ. ಕಾಡಿನ ಅಂಚಿನ ಗುತ್ತಿಗೆದಾರ ಬಂಟ್ವಾಳದ ಸಾಹುಕಾರನ ಹಣದಲ್ಲಿ ಕೆಲಸ ಮಾಡುತ್ತಿದ್ದ. ಸಾಹುಕಾರ ಮಂಗಳೂರಿನ ಬಂದರಿನ ದೊಡ್ಡ ಅಂಗಡಿಯನ್ನು ನೆಚ್ಚಿದ್ದ. ಇಂದು ದುಡಿಮೆ ಬಂಡವಾಳದ ಅವಧಿ ಎಂದು ಬ್ಯಾಂಕಿನವರು ಕೇಳುವುದು ಇದನ್ನೇ.

ಕಾಡಿನ ಒಳಗಿನ ಜನ

ಲೆಕ್ಕದ ಪುಸ್ತಕದಲ್ಲಿ ಈ ಸರಪಳಿಯ ಕೊನೆಯ ಕೊಂಡಿ ಒಂದೇ ಶಬ್ದದಲ್ಲಿ ಮುಗಿಯುತ್ತದೆ: ಮುಂಗಡ. ಅದನ್ನು ಪಡೆದವರು ಯಾರು? ಘಟ್ಟದ ಮಡಿಲಲ್ಲಿ ಚದುರಿ ಬದುಕಿದ್ದ ಮಲೆಕುಡಿಯರು, ಬಯಲಿನಿಂದ ಹೋದ ಕೂಲಿಗಳು. ಅಕ್ಕಿ, ಉಪ್ಪು, ಒಣಮೀನು, ಹೊಗೆಸೊಪ್ಪು ಇವು ಮುಂಗಡದ ಲೆಕ್ಕದಲ್ಲಿಯೇ ಬಿಡಾರಕ್ಕೆ ಬರುತ್ತಿದ್ದವು. ದರ ನಿಗದಿ ಮಾಡುವವನು ಕೊಡುವವನೇ. ಬೇಸಿಗೆಯ ಕೊನೆಗೆ ಕೂಲಿಯನ್ನು ಮುಂಗಡಕ್ಕೆ ವಜಾ ಹಾಕಿದಾಗ ಬಾಕಿ ಉಳಿದರೆ ಅದು ಮುಂದಿನ ವರ್ಷಕ್ಕೆ. ಕಾಡಿನ ಚಳಿಜ್ವರ ಅಂದು ಭೀಕರವಾಗಿತ್ತು. ಜ್ವರದಲ್ಲಿ ಆಳು ಸತ್ತರೆ ಪುಸ್ತಕದಲ್ಲಿ ಅದು ವಸೂಲಾಗದ ಬಾಕಿ. ಮನುಷ್ಯನ ಸಾವು ಲಾಭನಷ್ಟದ ಪಟ್ಟಿಯಲ್ಲಿ ಯಾವ ಶೀರ್ಷಿಕೆಯಡಿ ಬರುತ್ತದೆಂಬುದನ್ನು ನಮ್ಮ ವೃತ್ತಿಯವರು ಒಮ್ಮೆಯಾದರೂ ಯೋಚಿಸಬೇಕು.

ಕಾನೂನು ಬಹುಕಾಲ ಮುಂಗಡ ಕೊಟ್ಟವನ ಪಕ್ಷದಲ್ಲಿತ್ತು. 1859ರ ಕೆಲಸಗಾರರ ಕರಾರುಭಂಗ ಕಾಯಿದೆಯ ಪ್ರಕಾರ ಮುಂಗಡ ಪಡೆದು ಕೆಲಸಕ್ಕೆ ಬಾರದವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬಹುದಿತ್ತು; ಕೊನೆಗೆ ಸೆರೆವಾಸದ ಶಿಕ್ಷೆಯೂ ಇತ್ತು. ಸಿವಿಲ್ ಸ್ವರೂಪದ ಸಾಲಕ್ಕೆ ಕ್ರಿಮಿನಲ್ ಶಿಕ್ಷೆ. ಇದು ರದ್ದಾದದ್ದು 1925ರ ಕಾಯಿದೆಯಿಂದ. ಮುಂಗಡದ ಹೆಸರಿನಲ್ಲಿ ದುಡಿಸಿಕೊಳ್ಳುವುದೇ ಅಪರಾಧವಾದದ್ದು 1976ರ ಜೀತಪದ್ಧತಿ ನಿರ್ಮೂಲನ ಕಾಯಿದೆಯಿಂದ. ಕಾರ್ಮಿಕರಿಗೆ ಹಂಗಾಮಿನ ಮುಂಗಡ ಕೊಡುವ ಪದ್ಧತಿ ಇಂದಿಗೂ ನಮ್ಮ ಅನೇಕ ಸಣ್ಣ ಉದ್ದಿಮೆಗಳಲ್ಲಿ ಇದೆ. ಅದು ತಪ್ಪಲ್ಲ, ಆದರೆ ಅದನ್ನು ತೀರಿಸುವವರೆಗೆ ಬೇರೆಡೆ ಹೋಗಕೂಡದು ಎಂದು ತಡೆಯುವುದು ತಪ್ಪು. ಈ ವ್ಯತ್ಯಾಸ ಮಾಲಕರಿಗೆ ಸ್ಪಷ್ಟವಿರಬೇಕು.

ಮಲೆಕುಡಿಯರು ಕಾಡಿನ ತುಂಡೊಂದನ್ನು ಕಡಿದು ಸುಟ್ಟು, ಒಂದೆರಡು ಬೆಳೆ ತೆಗೆದು, ಬೇರೆಡೆಗೆ ಹೋಗುವ ಕುಮೇರಿ ಬೇಸಾಯದಿಂದಲೂ ಬದುಕುತ್ತಿದ್ದರು. ಹ್ಯೂ ಕ್ಲೆಗ್‌ಹಾರ್ನ್ 1856ರಲ್ಲಿ ಮದ್ರಾಸು ಪ್ರಾಂತದ ಅರಣ್ಯ ಸಂರಕ್ಷಣಾಧಿಕಾರಿಯಾದ ಮೇಲೆ ಕುಮೇರಿಯ ವಿರುದ್ಧ ಬಲವಾಗಿ ವಾದಿಸಿದರು. 1860ರ ಹೊತ್ತಿಗೆ ಸರಕಾರಿ ಕಾಡಿನಲ್ಲಿ ಅನುಮತಿಯಿಲ್ಲದೆ ಕುಮೇರಿ ಮಾಡುವುದು ನಿಷಿದ್ಧವಾಯಿತು. ಕಾಡು ಉಳಿಯಬೇಕೆಂಬ ಕಾಳಜಿ ಅವರಲ್ಲಿ ಪ್ರಾಮಾಣಿಕವಾಗಿಯೇ ಇದ್ದಿರಬಹುದು. ಆದರೆ ಅದೇ ದಶಕದಲ್ಲಿ ರೈಲುಹಳಿಯ ಅಡಿಮರಕ್ಕಾಗಿ ಪ್ರಾಂತದ ಕಾಡುಗಳ ಮೇಲೆ ಬಿದ್ದ ಬೇಡಿಕೆಯ ಪಕ್ಕದಲ್ಲಿ ಕುಮೇರಿಯವನ ಕತ್ತಿಯನ್ನು ಇಟ್ಟು ನೋಡಿದರೆ, ನಿಷೇಧದ ಭಾರ ಯಾರ ಮೇಲೆ ಬಿದ್ದಿತೆಂಬುದು ತಿಳಿಯುತ್ತದೆ. ಬೇಸಾಯ ಹೋದವನಿಗೆ ಉಳಿದದ್ದು ಮುಂಗಡದ ಕೂಲಿಯೇ.

ಮರ ಯಾರದು?

1799ರಲ್ಲಿ ಟಿಪ್ಪುವಿನ ಪತನಾನಂತರ ಕೆನರಾ ಕಂಪೆನಿಯ ವಶವಾಯಿತು. ಥಾಮಸ್ ಮನ್ರೋ ಇಲ್ಲಿನ ಮೊದಲ ಕಲೆಕ್ಟರರು. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಈ ಸೀಮೆಯಲ್ಲಿ ಸಂಚರಿಸಿ ಬೆಳೆ, ಭೂಮಿ, ವ್ಯಾಪಾರಗಳ ವಿವರ ಬರೆದುಕೊಂಡು ಹೋದರು. ಐದು ವರ್ಷಗಳೊಳಗೆ ಕಂಪೆನಿಯ ಕಣ್ಣು ಪಶ್ಚಿಮ ಕರಾವಳಿಯ ತೇಗದ ಮೇಲೆ ಬಿದ್ದಿತು. ಮುಂಬಯಿಯ ಹಡಗು ಕಟ್ಟೆಗೆ ಮರ ಬೇಕಾಗಿತ್ತು. 1806ರ ನವೆಂಬರಿನಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬ ಪೊಲೀಸು ಅಧಿಕಾರಿ ಭಾರತದ ಪ್ರಥಮ ಅರಣ್ಯ ಸಂರಕ್ಷಣಾಧಿಕಾರಿಯಾಗಿ ನೇಮಕಗೊಂಡರು. 1807ರ ಘೋಷಣೆಯ ಬಲದಿಂದ ಅವರು ಮಲಬಾರಿನಲ್ಲಿ ಮರದ ಏಕಸ್ವಾಮ್ಯವನ್ನು ಸ್ಥಾಪಿಸಿದರು. ಖಾಸಗಿ ಜಮೀನಿನ ಮರವೂ ಕಂಪೆನಿ ಹೇಳಿದ ಕ್ರಯಕ್ಕೆ ಹೋಗಬೇಕಾಯಿತು. ಕಂಪೆನಿಗೆ ಅಗ್ಗದ ಮರ ಧಾರಾಳವಾಗಿ ದೊರೆಯಿತು ನಿಜ. ಆದರೆ ಜಮೀನುದಾರರು ಮರ ಬೆಳೆಸುವ ಉತ್ಸಾಹ ಕಳೆದುಕೊಂಡರು, ವ್ಯಾಪಾರಿಗಳು ಕೈಬಿಟ್ಟರು. ದೂರುಗಳು ಹೆಚ್ಚಿದವು. ಕೊನೆಗೆ ಮದ್ರಾಸಿನ ಗವರ್ನರರಾಗಿದ್ದ ಅದೇ ಮನ್ರೋ ಅವರ ಕಾಲದಲ್ಲಿ, 1823ರಲ್ಲಿ, ಆ ಹುದ್ದೆಯೇ ರದ್ದಾಯಿತು. ಕರಾವಳಿಯ ವ್ಯಾಪಾರವನ್ನು ಕಲೆಕ್ಟರರಾಗಿ ಕಣ್ಣಾರೆ ಕಂಡಿದ್ದವರು ಗವರ್ನರರಾದದ್ದು ವ್ಯಾಪಾರಿಗಳ ಭಾಗ್ಯವೆನ್ನಬೇಕು.

ಮತ್ತೆ ಬಿಗಿಯಾದದ್ದು 1882ರ ಮದ್ರಾಸು ಅರಣ್ಯ ಕಾಯಿದೆಯಿಂದ. ಮೀಸಲು ಅರಣ್ಯ, ಸಾಗಾಟದ ಮೇಲಿನ ನಿಯಂತ್ರಣ ಇವು ವ್ಯಾಪಾರಿಯ ದಿನನಿತ್ಯದ ಮಾತಾದದ್ದು ಆಗ. ಅದೇ ವೇಳೆಗೆ ಕೆಳಗೆ ಮಂಗಳೂರಿನಲ್ಲಿ ಹೊಸ ಬೇಡಿಕೆಯೊಂದು ಹುಟ್ಟಿತ್ತು. 1865ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ನೇತ್ರಾವತಿಯ ದಡದಲ್ಲಿಯೇ ಹಂಚಿನ ಕಾರ್ಖಾನೆ ಆರಂಭಿಸಿದರು. ಅದರ ಹಿಂದೆಯೇ ಸ್ಥಳೀಯರ ಕಾರ್ಖಾನೆಗಳೂ ಎದ್ದವು. ಹಂಚಿಗೆ ಮಣ್ಣು ಹೊಳೆಬದಿಯದು, ಸುಡಲು ಸೌದೆ ಮೇಲ್ಭಾಗದ್ದು, ಎರಡನ್ನೂ ತರುವುದು ದೋಣಿ. ದಿಮ್ಮಿಯಾಗಲು ಯೋಗ್ಯವಲ್ಲದ ಮರಕ್ಕೂ ಬೆಲೆ ಬಂದಿತು. ವ್ಯಾಪಾರಿಯ ದೃಷ್ಟಿಯಲ್ಲಿ ಇದು ಉಪೋತ್ಪನ್ನಕ್ಕೆ ದೊರೆತ ಮಾರುಕಟ್ಟೆ. ಗುಡ್ಡಗಳ ದೃಷ್ಟಿಯಲ್ಲಿ ಬೋಳಾಗುವುದರ ಆರಂಭ. 1907ರಲ್ಲಿ ಮಂಗಳೂರಿಗೆ ರೈಲು ಬಂದದ್ದು, ಆಮೇಲೆ ಮೋಟಾರು ಲಾರಿಗಳು, ಕೊನೆಗೆ 1979ರಲ್ಲಿ ಹಾಸನ-ಮಂಗಳೂರು ರೈಲುಮಾರ್ಗ ಇವುಗಳಿಂದಾಗಿ ಹೊಳೆಯ ಸಾಗಾಟ ಕ್ರಮೇಣ ನಿಂತುಹೋಯಿತು.

ಹೊಳೆ ಮಾತ್ರ ತನ್ನ ಹಳೆಯ ವೃತ್ತಿಯನ್ನು ಪೂರ್ತಿ ಬಿಟ್ಟಿಲ್ಲ. 1923ರ ಮಹಾನೆರೆಯನ್ನು ಬಂಟ್ವಾಳದ ಹಿರಿಯರು ಕಾಲಗಣನೆಯ ಗುರುತಾಗಿ ಬಳಸುತ್ತಿದ್ದರು. 1974ರದ್ದನ್ನು ನನ್ನ ಓರಗೆಯವರ ಮನೆಗಳಲ್ಲಿ ಇಂದಿಗೂ ನೆನೆಯುತ್ತಾರೆ. ನೆರೆಯಲ್ಲಿ ತೇಲಿಬರುವ ಮರವನ್ನು ಹಗ್ಗ ಹಾಕಿ ಹಿಡಿಯುವುದು ನದೀತೀರದ ಹಳೆಯ ರೂಢಿ. ಹಿಡಿದವನೇ ಒಡೆಯ ಎಂಬ ನಂಬಿಕೆಯೂ ಇದೆ. ಕಾನೂನು ಹಾಗೆ ಹೇಳುವುದಿಲ್ಲ. 1963ರ ಕರ್ನಾಟಕ ಅರಣ್ಯ ಕಾಯಿದೆಯಲ್ಲಿ ತೇಲಿಬಂದ ಹಾಗೂ ದಡ ಸೇರಿದ ಮರದ ಬಗ್ಗೆ ಪ್ರತ್ಯೇಕ ಅಧ್ಯಾಯವೇ ಇದೆ. ಯಾರಾದರೂ ಹಕ್ಕು ಸಾಬೀತುಪಡಿಸುವವರೆಗೆ ಅಂಥ ಮರ ಸರಕಾರದ್ದು. ಹಕ್ಕುದಾರನಿಗೆ ಮರಳಿಸುವಾಗ ಹಿಡಿದು ಸಂಗ್ರಹಿಸಿದ ವೆಚ್ಚವನ್ನು ಅವನು ತೆರಬೇಕು. ಹಿಂದಿನ ವ್ಯಾಪಾರಿಗಳು ದಿಮ್ಮಿಯ ತುದಿಗೆ ತಮ್ಮ ಗುರುತಿನ ಸುತ್ತಿಗೆಯಿಂದ ಮುದ್ರೆ ಒತ್ತುತ್ತಿದ್ದುದು ಇದಕ್ಕಾಗಿಯೇ. ಅಕ್ಷರ ಬಾರದ ತೆಪ್ಪದವನೂ ಓದಬಲ್ಲ ದಾಖಲೆ ಅದು.

ದಾಖಲೆಯ ಮಾತು ಬಂದುದರಿಂದ ಒಂದು ಎಚ್ಚರಿಕೆ. ಅರಣ್ಯ ಕಾಯಿದೆಯ ಮೊಕದ್ದಮೆಯಲ್ಲಿ, ವ್ಯತಿರಿಕ್ತವಾಗಿ ಸಾಬೀತಾಗುವವರೆಗೆ ಮರ ಸರಕಾರದ್ದೆಂದೇ ಭಾವಿಸಲಾಗುತ್ತದೆ. ಸಾಮಾನ್ಯ ವ್ಯವಹಾರದಲ್ಲಿ ಆರೋಪಿಸುವವನು ಸಾಬೀತುಪಡಿಸಬೇಕು. ಇಲ್ಲಿ ನಿಮ್ಮದೆಂದು ನೀವು ಸಾಬೀತುಪಡಿಸಬೇಕು. ನಮ್ಮ ಜಿಲ್ಲೆಯಲ್ಲಿ ಇದು ಇನ್ನಷ್ಟು ಜಟಿಲವಾಗಲು ಕಾರಣ ಕುಮ್ಕಿ. ವರ್ಗ ಜಮೀನಿನ ಸುತ್ತ ನೂರು ಗಜದವರೆಗಿನ ಸರಕಾರಿ ಭೂಮಿಯಲ್ಲಿ ಸೊಪ್ಪು, ಮೇವು, ಕೃಷಿ ಮತ್ತು ಮನೆಬಳಕೆಗೆ ಮರ ತೆಗೆದುಕೊಳ್ಳುವ ಸೌಲಭ್ಯ ವರ್ಗದಾರನಿಗಿದೆ. ಫಸಲಿ 1276ಕ್ಕೆ, ಅಂದರೆ 1866-67ಕ್ಕೆ ಮೊದಲೇ ಇದ್ದ ವರ್ಗಗಳಿಗೆ ಇದು ಸಲ್ಲುತ್ತದೆ. 1964ರ ಭೂಕಂದಾಯ ಕಾಯಿದೆಯ 79ನೆಯ ಕಲಮು ಇದನ್ನು ಮುಂದುವರಿಸಿದೆ. ಆದರೆ ಇದು ಸೌಲಭ್ಯವೇ ಹೊರತು ಒಡೆತನವಲ್ಲ. ಕುಮ್ಕಿಯ ಮರವನ್ನು ಮಾರಾಟಕ್ಕೆ ಕಡಿಯುವ ಹಕ್ಕು ಇದರಲ್ಲಿ ಅಡಕವಾಗಿಲ್ಲ. ತಲೆಮಾರುಗಳಿಂದ ತಮ್ಮದೆಂದೇ ತಿಳಿದು ಬಳಸಿದ ಗುಡ್ಡದ ಮರವನ್ನು ಜಮೀನುದಾರರು ಪ್ರಾಮಾಣಿಕವಾಗಿಯೇ ಮಾರಲು ಬರುತ್ತಾರೆ. ಕೊಳ್ಳುವವನು ಆರ್‌ಟಿಸಿ ಮಾತ್ರವಲ್ಲ, ನಕ್ಷೆಯನ್ನೂ ನೋಡಿ, ಮರ ನಿಂತಿರುವುದು ವರ್ಗದ ಗಡಿಯೊಳಗೋ ಹೊರಗೋ ಎಂದು ಅಳೆಸಬೇಕು. ಗಡಿಯೊಳಗಿದ್ದರೂ 1976ರ ವೃಕ್ಷ ಸಂರಕ್ಷಣಾ ಕಾಯಿದೆಯ ಅನುಮತಿ ಬೇಕು. ತೆಂಗು, ರಬ್ಬರು, ನೀಲಗಿರಿ, ಸಿಲ್ವರ್ ಓಕ್ ಮುಂತಾದ ಕೆಲವಕ್ಕೆ ವಿನಾಯಿತಿ ಇದೆ. 1996ರ ಡಿಸೆಂಬರ್ 12ರ ಸುಪ್ರೀಂ ಕೋರ್ಟಿನ ಗೋದಾವರ್ಮನ್ ಪ್ರಕರಣದ ಆದೇಶದ ನಂತರ ಸಾಮಿಲ್ಲುಗಳ ಪರವಾನಗಿ ಎಷ್ಟು ಬಿಗಿಯಾಯಿತೆಂಬುದನ್ನು ಆ ಉದ್ಯಮದವರಿಗೆ ನಾನು ಹೇಳಬೇಕಾಗಿಲ್ಲ.

ಅಳತೆಯ ಮರ್ಮ

ನನ್ನ ಕಕ್ಷಿದಾರರೊಬ್ಬರಿಗೆ ಕೆಲವು ವರ್ಷಗಳ ಹಿಂದೆ ತೆರಿಗೆ ಪರಿಶೀಲನೆಯಲ್ಲಿ, ಖರೀದಿಗಿಂತ ದಾಸ್ತಾನು ಕಾಲುಭಾಗ ಹೆಚ್ಚಿದೆ, ಲೆಕ್ಕಕ್ಕೆ ಬಾರದ ಖರೀದಿ ಮಾಡಿದ್ದೀರಿ ಎಂಬ ಆಕ್ಷೇಪ ಬಂದಿತು. ಅವರು ಅಪ್ರಾಮಾಣಿಕರಲ್ಲ. ರಾತ್ರಿಯೆಲ್ಲ ನಿದ್ದೆ ಬಾರದೆ ಬೆಳಿಗ್ಗೆ ಕಚೇರಿಯ ಬಾಗಿಲು ತೆರೆಯುವ ಮೊದಲೇ ಬಂದು ಕುಳಿತಿದ್ದರು. ಪುಸ್ತಕಗಳನ್ನು ನೋಡಿದಾಗ ತಪ್ಪು ಅಳತೆಯ ಸೂತ್ರದಲ್ಲಿರುವುದು ಗೊತ್ತಾಯಿತು.

ದುಂಡು ದಿಮ್ಮಿಯನ್ನು ಅಳೆಯಲು ಬ್ರಿಟಿಷರ ಕಾಲದಿಂದ ನಡೆದುಬಂದಿರುವುದು ಕ್ವಾರ್ಟರ್ ಗರ್ತ್ ಪದ್ಧತಿ. ಸುತ್ತಳತೆಯ ನಾಲ್ಕನೆಯ ಒಂದು ಭಾಗವನ್ನು ವರ್ಗಮಾಡಿ ಉದ್ದದಿಂದ ಗುಣಿಸುವುದು. ಆರು ಅಡಿ ಸುತ್ತಳತೆ, ಹನ್ನೆರಡು ಅಡಿ ಉದ್ದದ ದಿಮ್ಮಿಗೆ ಒಂದೂವರೆಯ ವರ್ಗ 2.25, ಅದನ್ನು 12ರಿಂದ ಗುಣಿಸಿದರೆ 27 ಘನ ಅಡಿ. ಆದರೆ ದಿಮ್ಮಿ ದುಂಡಗಿದೆ. ನಿಜವಾದ ಘನಗಾತ್ರ ಸುಮಾರು 34.4 ಘನ ಅಡಿ. ಅಂದರೆ ಈ ಸೂತ್ರ ನಿಜಗಾತ್ರದ ಶೇ. 78.5ರಷ್ಟನ್ನು ಮಾತ್ರ ತೋರಿಸುತ್ತದೆ. ಕೊಯ್ಯುವಾಗ ಹೊರಭಾಗ ವ್ಯರ್ಥವಾಗುವುದರಿಂದ ಕೊಳ್ಳುವವನಿಗೆ ಕೊಟ್ಟ ರಿಯಾಯಿತಿ ಎಂದು ಅದನ್ನು ಭಾವಿಸಬಹುದು. ಎರಡೂ ಕಡೆಯವರಿಗೆ ಇದು ತಿಳಿದಿದ್ದಾಗ ಅನ್ಯಾಯವೇನೂ ಇಲ್ಲ. ದರವೇ ಹಾಗೆ ಹೊಂದಿಕೊಂಡಿರುತ್ತದೆ.

ತೊಡಕು ಬರುವುದು ಎರಡು ಸೂತ್ರಗಳು ಬೆರೆತಾಗ. ನನ್ನ ಕಕ್ಷಿದಾರರು ಕೊಂಡದ್ದು ಕ್ವಾರ್ಟರ್ ಗರ್ತಿನಲ್ಲಿ. ವರ್ಷಾಂತ್ಯದ ದಾಸ್ತಾನನ್ನು ಹೊಸದಾಗಿ ಸೇರಿದ ಗುಮಾಸ್ತ ಕಾಲೇಜಿನಲ್ಲಿ ಕಲಿತ ಸಿಲಿಂಡರಿನ ಸೂತ್ರದಿಂದ ಸರಿಯಾಗಿಯೇ ಲೆಕ್ಕ ಹಾಕಿದ್ದ. 1000 ಘನ ಅಡಿ ಖರೀದಿ 1273 ಘನ ಅಡಿ ದಾಸ್ತಾನಾಯಿತು! ಘನ ಮೀಟರಿಗೆ ಪರಿವರ್ತಿಸುವಾಗಲೂ ಇದೇ ಅಪಾಯ. ಒಂದು ಘನ ಮೀಟರಿಗೆ ನಿಜ ಅಳತೆಯಲ್ಲಿ 35.315 ಘನ ಅಡಿ. ಕ್ವಾರ್ಟರ್ ಗರ್ತಿನ ಅಡಿಯಾದರೆ 27.74 ಮಾತ್ರ. ಕೊಯ್ದ ಮರದ ಪ್ರಮಾಣದಲ್ಲಿಯೂ ಹಾಗೆಯೇ. ನಿಜಗಾತ್ರದ ಶೇ. 60ರಷ್ಟು ಹಲಗೆ ಬಂದಿತೆಂದುಕೊಳ್ಳಿ; ಪುಸ್ತಕದಲ್ಲಿ ಅದು ಶೇ. 76 ಎಂದು ಕಾಣುತ್ತದೆ. ಬೇರೆ ಮಿಲ್ಲಿನವರು ನಿಜ ಅಳತೆಯಲ್ಲಿ ಶೇ. 60 ತೋರಿಸಿದ್ದರೆ, ಅಧಿಕಾರಿಗಳಿಗೆ ನಿಮ್ಮದರ ಮೇಲೆ ಸಂಶಯ ಬರುವುದು ಸಹಜ. ಆದ್ದರಿಂದ ಪ್ರತಿ ಬಿಲ್ಲಿನಲ್ಲಿ ಅಳತೆಯ ಪದ್ಧತಿಯನ್ನು ಬರೆಸಿಕೊಳ್ಳಿರಿ. ದಾಸ್ತಾನು ಪಟ್ಟಿಯ ತಲೆಯಲ್ಲಿಯೂ ಅದನ್ನೇ ನಮೂದಿಸಿರಿ. ನಮ್ಮ ಪ್ರಕರಣದಲ್ಲಿ ಅಳತೆಪಟ್ಟಿಯ ಮೂಲ ಹಾಳೆಗಳು ಉಳಿದಿದ್ದುದರಿಂದ ಆಕ್ಷೇಪ ಬಿದ್ದುಹೋಯಿತು. ಹಾಳೆಗಳು ಇಲ್ಲದಿದ್ದರೆ ಏನಾಗುತ್ತಿತ್ತೆಂದು ಊಹಿಸಲಾರೆ.

ಮರ ಮಾರುವ ಜಮೀನುದಾರರಿಗೆ ಸಂಬಂಧಿಸಿದ ಆದಾಯ ತೆರಿಗೆಯ ವಿಷಯವೊಂದು ಉಳಿದಿದೆ. ಜಮೀನಿನ ಮರ ಮಾರಿದ ಹಣವೆಲ್ಲ ಕೃಷಿ ಆದಾಯ, ತೆರಿಗೆಯಿಲ್ಲ ಎಂಬ ಭಾವನೆ ವ್ಯಾಪಕವಾಗಿದೆ. 1957ರಲ್ಲಿ ರಾಜಾ ಬಿನಯ್ ಕುಮಾರ್ ಸಹಸ್ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ವಿವರವಾಗಿ ಪರಿಶೀಲಿಸಿತು. ನೆಲ ಹದಮಾಡಿ, ಬಿತ್ತಿ ಅಥವಾ ನೆಟ್ಟು ಬೆಳೆಸಿದ ಮರದ ಆದಾಯ ಕೃಷಿ ಆದಾಯ. ತಾನಾಗಿ ಹುಟ್ಟಿ ಬೆಳೆದ ಕಾಡುಮರವನ್ನು ಕೇವಲ ಕಾದು ಸಂರಕ್ಷಿಸಿದ ಮಾತ್ರಕ್ಕೆ ಅದು ಕೃಷಿಯಾಗದು. ತಾನಾಗಿ ಬೆಳೆದ ಮರದಲ್ಲಿಯೂ ಬುಡ ಉಳಿಸಿ, ಮತ್ತೆ ಚಿಗುರುವಂತೆ ಕಾಂಡ ಮಾತ್ರ ಮಾರಿದರೆ ಬಂದದ್ದು ಆದಾಯ ಎಂದು 1970ರ ವೇಣುಗೋಪಾಲ ವರ್ಮ ರಾಜಾ ಪ್ರಕರಣದಲ್ಲಿ ತೀರ್ಪಾಯಿತು. ಬೇರುಸಹಿತ ತೆಗೆದರೆ ಅದು ಬಂಡವಾಳದ ಸ್ವರೂಪದ್ದೆಂಬ ನಿಲುವಿದೆ. ಆದುದರಿಂದ ಕ್ರಯಪತ್ರದಲ್ಲಿ ಮರದ ಸಂಖ್ಯೆ, ಜಾತಿ ಇವುಗಳ ಜತೆಗೆ ನೆಟ್ಟದ್ದೋ ತಾನಾಗಿ ಬೆಳೆದದ್ದೋ, ಬುಡ ಉಳಿಯುತ್ತದೋ ಕೀಳಲಾಗುತ್ತದೋ ಎಂಬುದನ್ನೂ ಇದ್ದಂತೆಯೇ ಬರೆಸುವುದು ಒಳ್ಳೆಯದು. ಮರದ ಮಾರಾಟದಲ್ಲಿ ಮಾರುವವನೇ ಕೊಳ್ಳುವವನಿಂದ ತೆರಿಗೆ ಸಂಗ್ರಹಿಸುವ ಪದ್ಧತಿ 1988ರಿಂದ ಬಂದದ್ದು. ಅದರ ದರಗಳು ಆಗಾಗ ಬದಲಾಗಿವೆ. ಮಾರಾಟದ ದಿನದ ದರವನ್ನು ವಿಚಾರಿಸಿಯೇ ಬಿಲ್ಲು ಮಾಡಬೇಕು.

ಇತ್ತೀಚೆಗೆ ಬಂಟ್ವಾಳ, ಮೂಡುಬಿದಿರೆಯ ಕಡೆ ಹಳೆಯ ಗುತ್ತಿನ ಮನೆಗಳನ್ನು ಬಿಚ್ಚಿದ ಮರಕ್ಕೆ ಒಳ್ಳೆಯ ಬೇಡಿಕೆಯಿದೆ. ಮುಚ್ಚಿಗೆಯ ಹಲಗೆ, ತೊಲೆ, ಕೆತ್ತನೆಯ ಬಾಗಿಲವಾಡಗಳು ಹೊರಜಿಲ್ಲೆಗಳಿಗೂ ಹೋಗುತ್ತಿವೆ. ನೂರು ವರ್ಷದ ಹಿಂದೆ ಯಾವ ಕಾಡಿನಿಂದ ಬಂದ ಮರವೆಂದು ಯಾರೂ ಹೇಳಲಾರರು. ಆದರೆ ಇಂದು ಯಾವ ಮನೆಯಿಂದ ಬಂದದ್ದೆಂದು ಹೇಳಬಹುದು. ಬಿಚ್ಚುವ ಮೊದಲೇ ಮನೆ ನಿಂತಿರುವಾಗಿನ ಛಾಯಾಚಿತ್ರ, ಮನೆತೆರಿಗೆಯ ರಶೀದಿಯ ಪ್ರತಿ, ಪಂಚಾಯತಿನ ದೃಢೀಕರಣ, ಮಾಲಕರೆಲ್ಲರ ಸಹಿಯಿರುವ ಮಾರಾಟಪತ್ರ ಇವನ್ನು ಸಂಗ್ರಹಿಸಿಟ್ಟುಕೊಳ್ಳಿರಿ. ಅವಿಭಕ್ತ ಕುಟುಂಬದ ಮನೆಯಾಗಿದ್ದರೆ ಮುಂಬಯಿಯಲ್ಲಿರುವ ಪಾಲುದಾರರ ಸಹಿಯೂ ಬೇಕಾಗುತ್ತದೆ. ಲಾರಿಗೆ ಹೇರುವ ಮುನ್ನ ವಲಯ ಅರಣ್ಯ ಕಚೇರಿಯಲ್ಲಿ ರಹದಾರಿಯ ಬಗ್ಗೆ ಲಿಖಿತವಾಗಿ ವಿಚಾರಿಸಿ, ಉತ್ತರದ ಪ್ರತಿಯನ್ನು ಲಾರಿಯಲ್ಲಿಯೂ ಒಂದು, ಕಚೇರಿಯ ಕಡತದಲ್ಲಿಯೂ ಒಂದು ಇರಿಸತಕ್ಕದ್ದು.